ಪ್ರದರ್ಶನದ ರಾಣಿ, ಹಾರದ ಗುಲಾಬಿ

ಬೇಲೂರು ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಮೋಹಿನಿ ನಿಂತಿದ್ದಾಳೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇದೇ ಹೆಸರನ್ನು ಒಂದು ಗುಲಾಬಿಗೂ ಇಟ್ಟಿದ್ದಾರೆ. ಕಂದು ಛಾಯೆಯ ಆ ಹೂವು ಹೂಕುಂಡಕ್ಕೆ, ಪ್ರದರ್ಶನದ ಮೇಜಿಗೆ ಒಪ್ಪುವಂಥದ್ದು. ದೇವಾಲಯದ ಹೊರಗೆ ತುಳಸಿ, ಸೇವಂತಿಗೆಗಳ ಜೊತೆ ಬುಟ್ಟಿಯಲ್ಲಿ ಕೂರುವ ಗುಲಾಬಿಯೇ ಬೇರೆ. ಮೇಜಿನ ಹೂವು, ಬುಟ್ಟಿಯ ಹೂವು ಎಂಬ ಎರಡು ದಾರಿಗಳು ಎಲ್ಲಿ ಕವಲೊಡೆದವು ಎಂದು ಹುಡುಕುತ್ತ ಹೋದರೆ, ನಮ್ಮ ಫಲಪುಷ್ಪ ಪ್ರದರ್ಶನಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ.

1117ರಲ್ಲಿ ಈ ದೇವಾಲಯ ಪ್ರತಿಷ್ಠೆಯಾದಾಗ ಶಿಲ್ಪಿಗಳ ಮೆಚ್ಚಿನ ಹೂವು ಕಮಲ. 'ಗುಲಾಬಿ' ಎಂಬ ಮಾತು ಪಾರಸಿಯಿಂದ ಬಂದದ್ದು. ಅದರ ಮೂಲದಲ್ಲಿರುವುದು ಹೂವು ಮತ್ತು ನೀರು, ಅಂದರೆ ಪನ್ನೀರು. ಮೈಸೂರು ಸೀಮೆಯ ಗುಲಾಬಿ ತೋಟದ ಒಂದು ಹಳೆಯ ಚಿತ್ರ 1800ರಲ್ಲಿ ಇಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್‌ನ ಬರಹದಲ್ಲಿದೆ. ಬೆಂಗಳೂರಿನ ಸುಲ್ತಾನರ ತೋಟಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಪಾತಿ ಮೀಸಲಾಗಿತ್ತು, ಒಂದರ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಎಂದು ಆತ ಬರೆದಿಟ್ಟಿದ್ದಾನೆ.

ಗುಲಾಬಿಯನ್ನು ಮೇಜಿನ ಮೇಲೆ ಪಂದ್ಯಕ್ಕಿಟ್ಟು ಅಂಕ ಕೊಡುವ ಪದ್ಧತಿ ಬ್ರಿಟಿಷರ ಕಾಲದ ಕೊಡುಗೆ. ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಜರ್ಮನಿಯ ಉದ್ಯಾನ ತಜ್ಞ ಜಿ.ಎಚ್. ಕೃಂಬಿಗಲ್ 1908ರಲ್ಲಿ ಇಲ್ಲಿಗೆ ಬಂದರು. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಬೆಂಗಳೂರಿನ ಕೆ.ಎಸ್. ಗೋಪಾಲಸ್ವಾಮಿ ಅಯ್ಯಂಗಾರ್ 1935ರಲ್ಲಿ ಭಾರತದ ತೋಟಗಾರಿಕೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಕೈಪಿಡಿಯನ್ನೇ ಬರೆದರು. ಬಂಗಲೆಗಳ ಅಂಗಳದಲ್ಲಿ ಬೆಳೆದ ವಿಲಾಯಿತಿ ತಳಿಗಳ ನಡುವೆ ಪೈಪೋಟಿ ನಡೆಯುತ್ತಿದ್ದ ಕಾಲವದು.

ಆ ಪೈಪೋಟಿಯ ನಿಯಮಗಳನ್ನು ಬರೆಸಿದ್ದು ಹೈಬ್ರಿಡ್ ಟೀ ವರ್ಗದ ಗುಲಾಬಿ. ಫ್ರಾನ್ಸಿನ ಗಿಯೋ 1867ರಲ್ಲಿ ತಂದ 'ಲಾ ಫ್ರಾನ್ಸ್' ಅದರ ಮೊದಲ ತಳಿ ಎನ್ನುತ್ತಾರೆ. ನೀಳವಾದ ಒಂಟಿ ದಂಟು, ತುದಿಯಲ್ಲಿ ಒಂದೇ ಮೊಗ್ಗು, ನಡು ಎತ್ತರವಾಗಿ ಸುರುಳಿ ಸುತ್ತಿದ ಎಸಳು, ಅರ್ಧದಿಂದ ಮುಕ್ಕಾಲು ಭಾಗ ಅರಳಿದ ಹದ: ಇಷ್ಟು ಕೂಡಿಬಂದ ಹೂವಿಗೆ 'ಕ್ವೀನ್ ಆಫ್ ದಿ ಶೋ' ಬಿರುದು, ಅದರ ಹಿಂದಿನದಕ್ಕೆ ರಾಜನ ಪಟ್ಟ. ಪರಿಮಳಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ. ಇದು ಕಣ್ಣಿಗೆ ಕೊಟ್ಟ ಪ್ರಶಸ್ತಿ, ಮೂಗಿಗೆ ಕೊಟ್ಟದ್ದಲ್ಲ.

ನಮ್ಮದೇ ತಳಿಗಳ ಮಾತು ಬಂದರೆ ಮೊದಲು ನೆನಪಾಗುವವರು ಬಿ.ಪಿ. ಪಾಲ್. ಗೋಧಿ ವಿಜ್ಞಾನಿ, 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದವರು. ಬಿಡುವಿನ ವೇಳೆಯನ್ನೆಲ್ಲ ಗುಲಾಬಿಗೇ ಕೊಟ್ಟರು. 'ರೋಸ್ ಶರ್ಬತ್', 'ಡೆಲ್ಲಿ ಪ್ರಿನ್ಸೆಸ್', 'ಡಾ. ಹೋಮಿ ಭಾಭಾ' ಅವರ ಕೈಯಲ್ಲಿ ಹುಟ್ಟಿದವು. ಅವರಿದ್ದ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ವಿಕಿರಣದ ದಾರಿಯನ್ನೂ ಹಿಡಿಯಿತು: 'ಕಿಸ್ ಆಫ್ ಫೈರ್' ತಳಿಯಲ್ಲಿ ಮಾರ್ಪಾಟು ತಂದು 'ಅಭಿಸಾರಿಕೆ'ಯನ್ನು ಪಡೆಯಿತು. ಮೋಹಿನಿ, ಅಭಿಸಾರಿಕೆ, ಮೃಣಾಲಿನಿ... ಹೆಸರಿಡುವಾಗ ಮಾತ್ರ ನಮ್ಮ ವಿಜ್ಞಾನಿಗಳು ಅಪ್ಪಟ ರಸಿಕರು!

ಹೊಸ ತಳಿಯೊಂದು ಮೇಜಿಗೆ ಬರುವವರೆಗಿನ ಹಾದಿ ಉದ್ದ. ತಾಯಿ ಹೂವು ಅರಳುವ ಮೊದಲೇ ಅದರ ಕೇಸರಗಳನ್ನು ಕಿತ್ತು, ಇನ್ನೊಂದರ ಪರಾಗ ಸವರಿ, ಕವಚ ಕಟ್ಟಬೇಕು. ಕಾಯಿ ಹಣ್ಣಾಗಲು ತಿಂಗಳುಗಳೇ ಬೇಕು. ಬೀಜ ಬಿತ್ತಿದರೆ ಎಲ್ಲವೂ ಮೊಳೆಯುವುದಿಲ್ಲ. ಮೊಳೆತ ನೂರಾರು ಸಸಿಗಳಲ್ಲಿ ಉಳಿಸಿಕೊಳ್ಳುವುದು ಒಂದೋ ಎರಡೋ. ಅದನ್ನು ಕಣ್ಣು ಕಸಿಯಿಂದ ಹೆಚ್ಚಿಸಿ, ವರ್ಷಗಟ್ಟಲೆ ಮಳೆ, ಚಳಿ, ರೋಗಗಳಿಗೆ ಒಡ್ಡಿ ನೋಡಿದ ಮೇಲೆ ನಾಮಕರಣ.

ಹಾಸನ ಜಿಲ್ಲೆಯಲ್ಲಿ ಈ ಪರೀಕ್ಷೆಯ ಕೊನೆಯ ಭಾಗ ಬಲು ಕಠಿಣ. ಅರಸೀಕೆರೆ ತೆಂಗಿನ ಸೀಮೆ, ಒಣ ಹವೆ. ಬೇಲೂರು ಮಲೆನಾಡಿನ ಹೊಸ್ತಿಲು. ಆಷಾಢದ ಜಡಿಮಳೆಗೆ ಎಲೆ ಒದ್ದೆಯಾಗಿಯೇ ಇದ್ದರೆ ಕಪ್ಪು ಚುಕ್ಕೆ ರೋಗ ತಗುಲಿ ಗಿಡ ಬೋಳಾಗುತ್ತದೆ. ಹಳೇಬೀಡು ಇವೆರಡರ ನಡುವಿನ ಬಯಲು. ದೆಹಲಿಯ ಚಳಿಗಾಲದಲ್ಲಿ ಗೆದ್ದ ತಳಿ ಈ ಮೂರು ಊರುಗಳಲ್ಲೂ ಒಂದೇ ಸಮ ಅರಳಬೇಕೆಂದು ಬಯಸುವುದು ಅತಿಯಾಸೆ.

ಈ ಕೊರತೆಯನ್ನು ಬೇರಿನಿಂದಲೇ ನೀಗಿಸಲು ಹೊರಟವರು ಎಂ.ಎಸ್. ವೀರರಾಘವನ್. ಐಎಎಸ್ ಅಧಿಕಾರಿಯಾಗಿದ್ದು, ಆಮೇಲೆ ಪತ್ನಿ ಗಿರಿಜಾ ಅವರೊಡನೆ ಕೊಡೈಕನಾಲ್‌ನಲ್ಲಿ ನೆಲೆಸಿದರು. ಯುರೋಪಿನ ಚಳಿಗೆ ಹೊಂದಿದ ವಂಶದ ಬದಲು ನಮ್ಮ ಕಾಡುಗುಲಾಬಿಗಳನ್ನು ಆರಿಸಿಕೊಂಡರು: ಮಣಿಪುರದ ಬೆಟ್ಟಗಳ ರೋಸಾ ಜೈಗಾಂಟಿಯ, ನೀರು ನಿಲ್ಲುವ ಜಾಗದಲ್ಲೂ ಬದುಕುವ ರೋಸಾ ಕ್ಲೈನೋಫಿಲ್ಲ. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಹೆಸರಿನ ಹಳದಿ ಗುಲಾಬಿ ಅವರದೇ ಸೃಷ್ಟಿ. ಭಾರತದ ಗುಲಾಬಿ ತಳಿಗಾರಿಕೆಯಲ್ಲಿ ಇದಕ್ಕಿಂತ ಸ್ವಂತ ಬುದ್ಧಿಯ ಕೆಲಸ ಇನ್ನೊಂದಿಲ್ಲ ಎಂದರೆ ತಪ್ಪಾಗದು.

ಕರ್ನಾಟಕದಲ್ಲಿ ಈ ಕೆಲಸದ ನೆಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. 1967ರಲ್ಲಿ ಆರಂಭವಾದ ಈ ಸಂಸ್ಥೆಯ ತಳಿಗಳಿಗೆ ಪಕ್ಕದ ಅರ್ಕಾವತಿ ನದಿಯಿಂದ 'ಅರ್ಕ' ಎಂಬ ಮನೆತನದ ಹೆಸರು. 'ಅರ್ಕ ಸ್ವದೇಶ್', 'ಅರ್ಕ ಪ್ರೈಡ್', 'ಅರ್ಕ ಐವರಿ' ದಂಟಿನ ಹೂವುಗಳಾದರೆ, 'ಅರ್ಕ ಪರಿಮಳ', 'ಅರ್ಕ ಸವಿ' ಬಿಡಿ ಹೂವಿಗೂ ಸಲ್ಲುವವು. ಈ ಎರಡನೆಯ ಗುಂಪೇ ಮುಖ್ಯ. ಹೂ ಕಟ್ಟುವವರಿಗೆ ನೀಳ ದಂಟು ಬೇಡ. ತೊಟ್ಟು ದಾರಕ್ಕೆ ಸಿಕ್ಕರೆ ಸಾಕು. ಮುಟ್ಟಿದರೆ ಎಸಳು ಉದುರಬಾರದು, ಬೆಳಿಗ್ಗೆ ಕಟ್ಟಿದ್ದು ಸಂಜೆಯ ಮಂಗಳಾರತಿವರೆಗೆ ಬಾಡಬಾರದು, ಕಿಲೋ ಲೆಕ್ಕದಲ್ಲಿ ತೂಗಬೇಕು. ಇವಕ್ಕೆಲ್ಲ ಪ್ರದರ್ಶನದ ಮೇಜಿನಲ್ಲಿ ಅಂಕಗಳಿರಲಿಲ್ಲ. ಹಾಗಾಗಿಯೇ ಚಿಕ್ಕಬಳ್ಳಾಪುರದ ಕಡೆಯ ಮೀರಾಬುಲ್, ಎಲ್ಲೆಡೆಯ ಬಟನ್ ಗುಲಾಬಿ ಯಾವ ಬಹುಮಾನದ ಹಂಗೂ ಇಲ್ಲದೆ ಮಾರುಕಟ್ಟೆ ಗೆದ್ದವು.

ಇತ್ತ ಪ್ರದರ್ಶನಗಳೂ ಬದಲಾದವು. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳಿಗೆ ಜನ ಸೇರುವುದು ಹೂವಿನ ಪ್ರತಿಕೃತಿ ನೋಡಲು. ಗಾಜಿನ ಮನೆಯ ನಡುವೆ ನಿಲ್ಲುವ ಗೋಪುರ, ಗುಮ್ಮಟಗಳ ಮೈತುಂಬ ಹೆಂಚು ಹೊದಿಸಿದಂತೆ ಕೂರುವ ಗುಲಾಬಿಗೆ ತಳಿಯ ಹೆಸರು ಬೇಕಿಲ್ಲ, ಬಣ್ಣವೊಂದಿದ್ದರೆ ಆಯಿತು. ಹಾಸನದ ಬೆಳ್ಳಿಹಬ್ಬದ ಉದ್ಯಾನದಲ್ಲೂ ಪ್ರತಿಕೃತಿಗಳ ಮುಂದೆಯೇ ಸೆಲ್ಫಿಯವರ ಸಾಲು. ಹೊಸ ತಳಿಗಳು ಈಗ ಪಾಲಿಹೌಸ್‌ಗಳ ಮೂಲಕ, ಬೆಂಗಳೂರಿನ ಹೂವಿನ ಹರಾಜು ಕೇಂದ್ರದ ಮೂಲಕ ಬರುತ್ತವೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂದ ಮೇಲೆ, ತಳಿಯನ್ನು ಸೃಷ್ಟಿಸಿದವರು ಅದರ ಮೇಲೆ ಹಕ್ಕು ನೋಂದಾಯಿಸಿಕೊಳ್ಳಲೂ ದಾರಿಯಾಯಿತು.

ಆದರೂ ಪ್ರದರ್ಶನದ ಬಾಗಿಲಲ್ಲಿ ನರ್ಸರಿ ಮಳಿಗೆ ಇದ್ದೇ ಇರುತ್ತದೆ. ಕಪ್ಪು ಚೀಲದ ಗಿಡ, ಚೀಟಿಯ ಮೇಲೆ ಬರೀ 'ಕಸಿ ಗುಲಾಬಿ, ಕೆಂಪು'. ಮನೆಗೆ ತಂದ ವರ್ಷ ಅದು ದೊಡ್ಡ ದೊಡ್ಡ ಹೂ ಬಿಡುತ್ತದೆ. ಕಸಿಯ ಗಂಟಿನ ಕೆಳಗಿನಿಂದ ಬಂದ ಚಿಗುರನ್ನು ಚಿವುಟದೆ ಬಿಟ್ಟರೆ ಬೇರುಗಿಡವೇ ಮೇಲುಗೈ ಪಡೆದು, ಮೇಲಿನ ತಳಿ ಸೊರಗಿ ಒಣಗುತ್ತದೆ. ಆ ಬೇರುಗಿಡವೇನಾದರೂ ಎಡ್ವರ್ಡ್ ಗುಲಾಬಿಯಾಗಿದ್ದರೆ, ಕೆಂಪು ರಾಣಿ ಹೋದ ಜಾಗದಲ್ಲಿ ತಿಳಿಗೆಂಪಿನ, ಘಮಘಮಿಸುವ ಹಳೆಯ ಬಿಡಿ ಹೂವು ಅರಳುತ್ತದೆ. ಮನೆಯವರು ಅದನ್ನು ಕಿತ್ತು ದೇವರ ಪಟಕ್ಕೆ ಏರಿಸುತ್ತಾರೆ.