ಕುಬ್ಜ ಇಲಿಯ ಒಗಟು

1929ರಲ್ಲಿ ಅಮೆರಿಕದ ತಳಿವಿಜ್ಞಾನಿ ಜಾರ್ಜ್ ಸ್ನೆಲ್ ತಮ್ಮ ಇಲಿಗಳ ಸಂತತಿಯಲ್ಲಿ ಕಾಣಿಸಿಕೊಂಡ ಕುಬ್ಜ ಮರಿಗಳ ಬಗೆಗೆ ಒಂದು ಕಿರುಲೇಖನ ಪ್ರಕಟಿಸಿದರು. ಹುಟ್ಟಿದಾಗ ಒಡಹುಟ್ಟುಗಳಂತೆಯೇ ಇರುತ್ತಿದ್ದ ಈ ಮರಿಗಳು ಕೆಲವೇ ವಾರಗಳಲ್ಲಿ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತಿದ್ದವು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕುಬ್ಜತೆ ಪ್ರಕಟವಾಗುತ್ತಿತ್ತು. ಮರುವರ್ಷವೇ ಸ್ಮಿತ್ ಮತ್ತು ಮ್ಯಾಕ್‌ಡೊವೆಲ್ ಎಂಬ ವಿಜ್ಞಾನಿಗಳು ಕೊರತೆಯ ಮೂಲ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿದೆಯೆಂದು ತೋರಿಸಿದರು. ಆರೋಗ್ಯವಂತ ಗ್ರಂಥಿಯ ಅಂಗಾಂಶವನ್ನು ಒದಗಿಸಿದಾಗ ಆ ಇಲಿಗಳು ಬೆಳೆದವು.

ಆದರೂ ಒಗಟು ಉಳಿಯಿತು. ಈ ಇಲಿಗಳಲ್ಲಿ ಇಲ್ಲವಾಗಿದ್ದುದು ಬೆಳವಣಿಗೆಯ ಹಾರ್ಮೋನು ಒಂದೇ ಅಲ್ಲ; ಹಾಲೂಡಿಕೆಗೆ ಬೇಕಾದ ಪ್ರೊಲ್ಯಾಕ್ಟಿನ್, ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು ಇವೂ ಇರಲಿಲ್ಲ. ಒಂದೇ ವಂಶವಾಹಿಯ ದೋಷದಿಂದ ಮೂರು ಹಾರ್ಮೋನುಗಳು ಒಟ್ಟಿಗೆ ಕಾಣೆಯಾಗುವುದು ಹೇಗೆ?

ಉತ್ತರಕ್ಕೆ ಆರು ದಶಕ ಹಿಡಿಯಿತು. ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ ಇರುವುದು ಒಂದೇ ಡಿಎನ್‌ಎ. ಯಾವ ಕೋಶ ಅದರ ಯಾವ ಭಾಗವನ್ನು ಓದಬೇಕು ಎಂಬುದನ್ನು ನಿರ್ಧರಿಸುವವು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು. ವಂಶವಾಹಿಯ ಸಮೀಪದ ನಿಶ್ಚಿತ ಅಕ್ಷರಸಾಲಿಗೆ ಅಂಟಿಕೊಂಡು, ನಕಲು ತೆಗೆಯುವ ಕಾರ್ಯವನ್ನು ಅವು ಚುರುಕುಗೊಳಿಸುತ್ತವೆ ಇಲ್ಲವೇ ತಡೆಯುತ್ತವೆ. 1988ರಲ್ಲಿ ಕ್ಯಾಲಿಫೋರ್ನಿಯದ ಎರಡು ತಂಡಗಳು ಪಿಟ್ಯುಟರಿಯಲ್ಲಿ ಇಂತಹ ಒಂದು ಪ್ರೋಟೀನನ್ನು ಪ್ರತ್ಯೇಕವಾಗಿ ಗುರುತಿಸಿದವು. ಅದರ ಹೆಸರು ಪಿಟ್-1. 1990ರಲ್ಲಿ ಸ್ನೆಲ್‌ರ ಇಲಿಗಳಲ್ಲಿ ಕೆಟ್ಟಿದ್ದುದು ಈ ಪ್ರೋಟೀನಿನ ವಂಶವಾಹಿಯೇ ಎಂಬುದು ಸಿದ್ಧವಾಯಿತು. 291 ಅಮೈನೋ ಆಮ್ಲಗಳ ಸರಪಳಿಯಲ್ಲಿ 261ನೆಯದೊಂದು ಮಾತ್ರ ಬದಲಾಗಿತ್ತು. ಆ ಬದಲಾವಣೆ ಡಿಎನ್‌ಎಯನ್ನು ಹಿಡಿಯುವ ಭಾಗದಲ್ಲಿಯೇ ಆಗಿತ್ತು. ಹಿಡಿತ ತಪ್ಪಿದ್ದರಿಂದ ಆ ಮೂರೂ ಬಗೆಯ ಕೋಶಗಳು ಗ್ರಂಥಿಯಲ್ಲಿ ರೂಪುಗೊಳ್ಳಲೇ ಇಲ್ಲ. ಬೇರೊಂದು ಶೋಧನೆಗಾಗಿ 1980ರಲ್ಲಿ ನೊಬೆಲ್ ಪಡೆದಿದ್ದ ಸ್ನೆಲ್‌ರಿಗೆ ಆಗ 86 ವರ್ಷ.

ಇದು ಇಲಿಗಳಿಗಷ್ಟೇ ಸೀಮಿತವಾದ ಕಥೆಯಲ್ಲ. 1992ರಲ್ಲಿ ಇದೇ ವಂಶವಾಹಿಯ ದೋಷವಿರುವ ಮಕ್ಕಳ ವರದಿಗಳು ಬಂದವು. ಅವರಲ್ಲಿಯೂ ಅದೇ ಮೂರು ಹಾರ್ಮೋನುಗಳ ಕೊರತೆ. ಎಳವೆಯಲ್ಲಿ ಥೈರಾಯ್ಡ್ ಹಾರ್ಮೋನಿನ ಕೊರತೆಯನ್ನು ತುಂಬಿಕೊಡದಿದ್ದರೆ ಮಗುವಿನ ಮಿದುಳಿಗೆ ಆಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು ಹೆಚ್ಚಾಗಿದೆಯೇ ಎಂದಷ್ಟೇ ನೋಡುವ ನವಜಾತ ಶಿಶುಗಳ ಪರೀಕ್ಷೆ ಈ ಮಕ್ಕಳನ್ನು ಗುರುತಿಸಲಾರದು. ಇವರಲ್ಲಿ ಅದು ಹೆಚ್ಚುವುದೇ ಇಲ್ಲ.

ಎತ್ತರವನ್ನು ಕಣ್ಣಿನಿಂದ ಅಳೆದು, ‘ನಮ್ಮ ಮನೆತನವೇ ಹೀಗೆ’ ಎಂದು ಸುಮ್ಮನಾಗುವ ವಾಡಿಕೆ ನಮ್ಮಲ್ಲಿದೆ. ಹಲವು ಸಲ ಆ ಮಾತು ನಿಜವೂ ಹೌದು. ಆದರೆ ಕುಂಠಿತ ಬೆಳವಣಿಗೆಯ ಹಿಂದೆ, ಸಕಾಲದಲ್ಲಿ ತುಂಬಿಕೊಡಬಹುದಾದ ಕೊರತೆಯೊಂದು ಅಡಗಿರಬಹುದೆಂಬುದನ್ನು ಈ ಅರವತ್ತು ವರ್ಷಗಳ ಚರಿತ್ರೆ ನಮಗೆ ತಿಳಿಸಿದೆ.