ಗುಜರಿ ಸೇರಿದ ‘ಹಶ್ ಹಶ್’ ಮಾದರಿಯಾಗಿ ಮರಳಿದಾಗ

ಬ್ರಿಟನ್ನಿನ ಮಾದರಿ ರೈಲು ಹವ್ಯಾಸಿಗಳು ಹಾರ್ನ್‌ಬಿ ಕಂಪನಿಯಿಂದ ಬಹುಕಾಲ ಬಯಸಿದ ಉಗಿ ಎಂಜಿನ್‌ಗಳಲ್ಲಿ ಎಲ್‌ಎನ್‌ಇಆರ್ ರೈಲ್ವೆಯ ಡಬ್ಲ್ಯು1 ಸಹ ಒಂದು. ನೈಜೆಲ್ ಗ್ರೆಸ್ಲಿ ವಿನ್ಯಾಸಗೊಳಿಸಿದ, 10000 ಸಂಖ್ಯೆಯ ಈ ಎಂಜಿನ್ 1929ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ಸಿದ್ಧವಾಯಿತು. ನಿರ್ಮಾಣ ರಹಸ್ಯವಾಗಿ ನಡೆದುದರಿಂದ ‘ಹಶ್ ಹಶ್’ ಎಂಬ ಅಡ್ಡಹೆಸರು ಬಂತು. ಹಡಗುಗಳಲ್ಲಿ ಬಳಸುವಂತಹ ಬಾಯ್ಲರ್. ಉಗಿಯ ಒತ್ತಡ ಚದರ ಅಂಗುಲಕ್ಕೆ 450 ಪೌಂಡ್. ನಿರೀಕ್ಷೆ ಫಲಿಸಲಿಲ್ಲ. 1937ರಲ್ಲಿ ಸಾಮಾನ್ಯ ಬಾಯ್ಲರ್‌ನೊಂದಿಗೆ ಹೊರಬಂದ ಎಂಜಿನ್, 1959ರಲ್ಲಿ ಗುಜರಿ ಸೇರಿತು.

ಇದ್ದುದು ಇದೊಂದೇ. ಅಚ್ಚುಗಳ ವೆಚ್ಚವೋ ಭಾರಿ. ಬೇರೆ ಹೆಸರು, ಸಂಖ್ಯೆ ನೀಡಿ ಮತ್ತೆ ಮತ್ತೆ ಮಾರುವಂತಿಲ್ಲ. ಇಂತಹ ಎಂಜಿನ್ನಿಗೆ ತಯಾರಕರು ಹಿಂಜರಿಯುವುದು ಸಹಜ. ಮೂಲವೇ ಉಳಿಯದಿರುವಾಗ ಹವ್ಯಾಸಿಗಳ ಹಂಬಲವೂ ಅಷ್ಟೇ ಸಹಜ. ಕೊನೆಗೆ ತನ್ನ ರೈಲುಗಳ ಶತಮಾನೋತ್ಸವ ವರ್ಷವಾದ 2020ರಲ್ಲಿ ಹಾರ್ನ್‌ಬಿ, ಮೂಲ ಹಾಗೂ ಪರಿವರ್ತಿತ ರೂಪಗಳೆರಡರಲ್ಲೂ 1:76 ಪ್ರಮಾಣದ ಮಾದರಿಯನ್ನು ಘೋಷಿಸಿತು.