ಹಿಂದಿನ ಆಕ್ಸಲ್‌ನಲ್ಲಿರುವ ಅರ್ಧ ಕಥೆ: ಮಸಲ್ ಕಾರುಗಳ ಗೇರ್ ಲೆಕ್ಕ

ಇವತ್ತಿನ ವಿಷಯ ಅಮೆರಿಕದ ಮಸಲ್ ಕಾರುಗಳು. ಆದರೆ ನಾನು ಎಂಜಿನ್ ಬಗ್ಗೆ ಜಾಸ್ತಿ ಮಾತಾಡಲ್ಲ. ಎಂಜಿನ್‌ನಿಂದ ಹಿಂದಿನ ಚಕ್ರದವರೆಗೆ ಏನೇನಿದೆಯೋ ಅದರ ಬಗ್ಗೆ ಮಾತಾಡೋಣ: ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ನಮ್ಮ ಗ್ಯಾರೇಜುಗಳಲ್ಲಿ ಕ್ರೌನ್-ಪಿನಿಯನ್ ಅಂತಾರಲ್ಲ, ಅದು.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಬಿ.ಕಾಂ ಎರಡನೇ ವರ್ಷದಲ್ಲಿ ನನ್ನ ಹಳೇ ಬೈಕಿಗೆ ಹಿಂದಿನ ಚೈನ್ ಸ್ಪ್ರಾಕೆಟ್ ದೊಡ್ಡದು ಹಾಕಿಸಿದೆ, ನಾಲ್ಕು ಹಲ್ಲು ಜಾಸ್ತಿ. ಸಿಗ್ನಲ್‌ನಲ್ಲಿ ಎಲ್ಲರಿಗಿಂತ ಮುಂದೆ ನಾನೇ. ಒಂದು ವಾರ ರಾಜನ ಥರ ಓಡಾಡಿದೆ. ಆಮೇಲೆ ಬೆಂಗಳೂರಿಂದ ತುಮಕೂರಿಗೆ ಹೊರಟೆ. ನೆಲಮಂಗಲ ದಾಟೋ ಹೊತ್ತಿಗೆ ಎಂಜಿನ್ ಕಿರುಚಾಟಕ್ಕೆ ಕಿವಿ ಮುಚ್ಚಿಹೋಗಿತ್ತು, ಕೈ ಜುಮ್ಮು ಹಿಡಿದಿತ್ತು, ಪೆಟ್ರೋಲ್ ಮುಳ್ಳು ಕಣ್ಣೆದುರಿಗೇ ಇಳೀತಿತ್ತು. ವಾಪಸ್ ಬಂದು ಕೇಳಿದರೆ ಮೆಕ್ಯಾನಿಕ್ ನಕ್ಕ: "ಎರಡೂ ಬೇಕು ಅಂದ್ರೆ ಆಗಲ್ಲ ಗುರು."

ಇದೇ ಮಾತನ್ನು 1960ರ ದಶಕದ ಅಮೆರಿಕದಲ್ಲಿ ಸಾವಿರಾರು ಹುಡುಗರು ದುಡ್ಡು ಕೊಟ್ಟು ಕಲಿತರು.

ಡ್ರ್ಯಾಗ್ ರೇಸ್ ಅಂದರೆ ಗೊತ್ತಲ್ಲ, ನಿಂತಲ್ಲಿಂದ ನೇರ ರಸ್ತೆಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್. ಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ಬೀದಿಗಳಲ್ಲೇ ಓಡಿಸ್ತಿದ್ದರು. ಅವರನ್ನ ಬೀದಿಯಿಂದ ಟ್ರ್ಯಾಕಿಗೆ ತರಬೇಕು ಅಂತ 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದರು. 1955ರಲ್ಲಿ ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್‌ನಲ್ಲಿ ಮೊದಲ ರಾಷ್ಟ್ರೀಯ ಕೂಟ ನಡೀತು. ನಿಯಮ, ಸುರಕ್ಷತೆ, ವರ್ಗೀಕರಣ ಎಲ್ಲ ಬಂತು. ಆದರೂ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ಥರದ ಬೀದಿಗಳಲ್ಲಿ ರಾತ್ರಿ ರೇಸ್ ನಿಲ್ಲಲಿಲ್ಲ.

ಈ ಹುಡುಗರಿಗೆ ಕಾರ್ಖಾನೆಯೇ ನೇರವಾಗಿ ಕಾರು ಮಾರಿದ್ದು 1964ರ ಪಾಂಟಿಯಾಕ್ ಜಿಟಿಒ ಮೂಲಕ. ಜನರಲ್ ಮೋಟರ್ಸ್ 1963ರ ಆರಂಭದಲ್ಲಿ ತನ್ನ ವಿಭಾಗಗಳಿಗೆ ರೇಸಿಂಗ್ ನಿಲ್ಲಿಸಿ ಅಂದಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಬೇಡ ಅನ್ನೋ ನಿಯಮವೂ ಇತ್ತು. ಜಾನ್ ಡಿಲೋರಿಯನ್ ಮತ್ತವರ ಎಂಜಿನಿಯರುಗಳು ಏನು ಮಾಡಿದರು? 389 ಘನ ಇಂಚಿನ ಎಂಜಿನ್ನನ್ನು "ಆಪ್ಷನ್" ಅಂತ ಪಟ್ಟಿಗೆ ಸೇರಿಸಿದರು. ಬೆಲೆ ಸುಮಾರು 300 ಡಾಲರ್. ಮೊದಲ ವರ್ಷವೇ 32 ಸಾವಿರಕ್ಕೂ ಹೆಚ್ಚು ಕಾರು ಹೋದವು.

ಕೊಂಡವರ ಹತ್ತಿರ ಇದ್ದದ್ದು ಒಂದೇ ಕಾರು. ಸೋಮವಾರದಿಂದ ಶುಕ್ರವಾರ ಕೆಲಸಕ್ಕೆ ಅದೇ, ಭಾನುವಾರ ಡ್ರ್ಯಾಗ್ ಸ್ಟ್ರಿಪ್‌ಗೂ ಅದೇ. ಹಾಗಾಗಿ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣೋ ಹಾರ್ಸ್‌ಪವರ್ ಒಂದು ಕಡೆ ಇರಲಿ. ಕಾರು ಬುಕ್ ಮಾಡುವಾಗ ಆಕ್ಸಲ್ ರೇಷಿಯೋ ಅನ್ನೋ ಸಣ್ಣ ಸಾಲಲ್ಲಿ ಯಾವ ಅಂಕಿ ಬರೆಸಿದರು ಅನ್ನೋದರ ಮೇಲೆ ಅವರ ಇಡೀ ವರ್ಷ ನಿಂತಿತ್ತು.

ಆ ಅಂಕಿ ಏನು? 4.10 ಅಂದರೆ ಪ್ರೊಪೆಲ್ಲರ್ ಶಾಫ್ಟ್ 4.1 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 3.08 ಅಂದರೆ 3.08 ಸುತ್ತಿಗೆ ಒಂದು. ಅಂಕಿ ದೊಡ್ಡದಾದಷ್ಟೂ ಚಕ್ರಕ್ಕೆ ತಿರುಚುಬಲ ಜಾಸ್ತಿ, ಎಂಜಿನ್ ಓಟವೂ ಜಾಸ್ತಿ. ಕಾಮರ್ಸ್ ಓದಿದವನಾಗಿ ನಂಗೆ ಇದು ಜಮಾ-ಖರ್ಚು ಥರ ಕಾಣುತ್ತೆ. ಗೇರ್ ಹೊಸದಾಗಿ ಶಕ್ತಿ ಕೊಡಲ್ಲ. ವೇಗ ಕೊಟ್ಟು ಬಲ ತಗೋಬಹುದು, ಬಲ ಕೊಟ್ಟು ವೇಗ ತಗೋಬಹುದು, ಅಷ್ಟೇ.

ಲೆಕ್ಕ ಮಾಡೋಣ. 26 ಇಂಚು ಎತ್ತರದ ಟೈರು, ಟಾಪ್ ಗೇರ್, ಗಂಟೆಗೆ 100 ಕಿ.ಮೀ. ಚಕ್ರ ನಿಮಿಷಕ್ಕೆ ಸುಮಾರು 800 ಸುತ್ತು. 3.08 ಇದ್ದರೆ ಎಂಜಿನ್ ಸುಮಾರು 2,470 ಸುತ್ತು, ಆರಾಮ. 4.10 ಇದ್ದರೆ ಸುಮಾರು 3,290. ಹೈವೇ ಪೂರ್ತಿ ಹೀಗೇ ಓಡಬೇಕು. ಈಗ ಸ್ಟ್ರಿಪ್‌ಗೆ ಬನ್ನಿ. ಗೆರೆ ದಾಟುವಾಗ ವೇಗ 160 ಕಿ.ಮೀ. ಅಂತಿಟ್ಟುಕೊಳ್ಳಿ. 4.10ರಲ್ಲಿ ಎಂಜಿನ್ 5,270ರ ಆಸುಪಾಸು, ಶಕ್ತಿ ತುಂಬಿ ಬರೋ ಜಾಗ. 3.08ರಲ್ಲಿ 4,000 ಕೂಡ ಮುಟ್ಟಿರಲ್ಲ. ದುಡ್ಡು ಕೊಟ್ಟು ತಂದ ಹಾರ್ಸ್‌ಪವರ್ ಬಳಕೆಗೇ ಬರಲಿಲ್ಲ ಅಂತಾಯ್ತು.

ಗೇರ್‌ಬಾಕ್ಸ್ ಕೂಡ ಇದರ ಜೊತೆಗೇ ಲೆಕ್ಕಕ್ಕೆ ಬರುತ್ತೆ. ಜಿಎಂನ ಮನ್ಸೀ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಎಂ20ಕ್ಕೆ ಫಸ್ಟ್ ಗೇರ್ 2.52, ಎಂ21ಕ್ಕೆ 2.20. ರೇಸಿಗೆ ಅಂತ ಎಂ21 ತಗೊಂಡವರು ತುಂಬ ಜನ. ಈಗ ಗುಣಿಸಿ ನೋಡಿ. 2.52ಕ್ಕೆ 3.55 ಆಕ್ಸಲ್ ಸೇರಿಸಿದರೆ 8.95. 2.20ಕ್ಕೆ 4.10 ಸೇರಿಸಿದರೆ 9.02. ನಿಂತಲ್ಲಿಂದ ಹೊರಡುವಾಗ ಎರಡೂ ಹೆಚ್ಚುಕಡಿಮೆ ಒಂದೇ! ಎಂ21ರಲ್ಲಿ ಗೇರುಗಳು ಹತ್ತಿರ ಹತ್ತಿರ ಇರೋದರಿಂದ ಗೇರ್ ಬದಲಿಸುವಾಗ ಎಂಜಿನ್ ಓಟ ಕಮ್ಮಿ ಬೀಳುತ್ತೆ, ಸರಿ. ಆದರೆ ಎಂ21 ಜೊತೆ 3.08 ಆಕ್ಸಲ್ ಬರೆಸಿದವನಿಗೆ ಪ್ರತಿ ಸಿಗ್ನಲ್‌ನಲ್ಲೂ ಕ್ಲಚ್ ಸುಡೋದೇ ಕೆಲಸ.

ಆ ಕಾಲದಲ್ಲಿ ಆಟೋಮ್ಯಾಟಿಕ್ ಅಂದರೆ ವಯಸ್ಸಾದವರ ಗಾಡಿ ಅನ್ನೋ ಮಾತಿತ್ತು. ಅದನ್ನು ಸುಳ್ಳು ಮಾಡಿದವರಲ್ಲಿ ಮುಖ್ಯರು ರ‍್ಯಾಮ್‌ಚಾರ್ಜರ್ಸ್, ಕ್ರೈಸ್ಲರ್ ಎಂಜಿನಿಯರುಗಳೇ ಕಟ್ಟಿಕೊಂಡ ತಂಡ. 1960ರ ದಶಕದ ಆರಂಭದಲ್ಲಿ ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ಹಾಕಿದ ಡಾಜ್ ಕಾರುಗಳಿಂದ ಮ್ಯಾನ್ಯುಯಲ್ ಕಾರುಗಳಿಗೆ ಬೆವರಿಳಿಸಿದರು. ಕಾರಣ ಟಾರ್ಕ್ ಕನ್ವರ್ಟರ್. ಅದು ಹೊರಡುವ ಕ್ಷಣದಲ್ಲಿ ಬಲವನ್ನ ಹೆಚ್ಚಿಸುತ್ತೆ, ಜೊತೆಗೆ ಏಟು ಮೆತ್ತಗೆ ಬೀಳೋ ಹಾಗೆ ಮಾಡುತ್ತೆ. ಕ್ಲಚ್ ದಡಕ್ಕಂತ ಬಿಟ್ಟಾಗ ಬೀಳೋ ಏಟು ಆಕ್ಸಲ್ ಮುರಿಯುವಂಥದ್ದು.

ಇದಕ್ಕೆ ಸಾಕ್ಷಿ ಕಾರ್ಖಾನೆಯೇ ಕೊಟ್ಟಿದೆ. 1966ರಲ್ಲಿ 426 ಹೆಮಿ ಎಂಜಿನ್ ರಸ್ತೆ ಕಾರುಗಳಿಗೆ ಬಂತು, 425 ಹಾರ್ಸ್‌ಪವರ್. ಆಟೋಮ್ಯಾಟಿಕ್ ತಗೊಂಡವರಿಗೆ ಕ್ರೈಸ್ಲರ್ ತನ್ನ ಎಂಟೂ ಮುಕ್ಕಾಲು ಇಂಚಿನ ಆಕ್ಸಲ್ ಕೊಡ್ತು. ನಾಲ್ಕು ಗೇರಿನ ಮ್ಯಾನ್ಯುಯಲ್ ತಗೊಂಡವರಿಗೆ ಲಾರಿ ಜಾತಿಯ ಡಾನಾ 60, ಒಂಬತ್ತೂ ಮುಕ್ಕಾಲು ಇಂಚು. ಎಂಜಿನ್ ಒಂದೇ, ಆದರೂ ಹಿಂದಿನ ಭಾಗ ಬೇರೆ. ಯಾವುದು ಎಲ್ಲಿ ಮುರಿಯುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಫೋರ್ಡ್ ಕಥೆ ಇನ್ನೂ ಸ್ವಾರಸ್ಯ. 1957ರಲ್ಲಿ ಬಂದ ಅದರ ಒಂಬತ್ತು ಇಂಚಿನ ಆಕ್ಸಲ್‌ನಲ್ಲಿ ಕ್ರೌನ್-ಪಿನಿಯನ್ ಇಡೀ ಗುಂಪು ಮುಂದಿನಿಂದ ಬಿಚ್ಚಿಬರುತ್ತೆ. ಬೇರೆ ರೇಷಿಯೋದ ಇನ್ನೊಂದು ಗುಂಪು ಗ್ಯಾರೇಜಿನಲ್ಲಿ ಸಿದ್ಧ ಇಟ್ಟುಕೊಂಡರೆ ಸ್ಟ್ರಿಪ್‌ಗೆ ಒಂದು, ರಸ್ತೆಗೆ ಒಂದು. ಇವತ್ತಿಗೂ ಬೇರೆ ಕಂಪನಿ ಕಾರುಗಳಿಗೂ ಇದನ್ನೇ ಹಾಕ್ತಾರೆ. 1969ರ ಮಸ್ಟಾಂಗ್‌ನಲ್ಲಂತೂ 428 ಕೋಬ್ರಾ ಜೆಟ್ ಎಂಜಿನ್ ಜೊತೆ ಡ್ರ್ಯಾಗ್ ಪ್ಯಾಕ್ ಅಂತ ಒಂದು ಆಪ್ಷನ್ ಬಂತು. 3.91 ಅಥವಾ 4.30 ಆಕ್ಸಲ್ ತಗೊಂಡರೆ ಎಂಜಿನ್ ಒಳಗೆ ಗಟ್ಟಿ ಕನೆಕ್ಟಿಂಗ್ ರಾಡ್, ಹೊರಗೆ ಆಯಿಲ್ ಕೂಲರ್ ಸೇರಿಸಿಯೇ ಕೊಡ್ತಿದ್ದರು. ಆಗ ಅದರ ಹೆಸರು ಸೂಪರ್ ಕೋಬ್ರಾ ಜೆಟ್. ಆಕ್ಸಲ್ ಅಂಕಿ ನೋಡಿ ಎಂಜಿನ್ ಯಾವುದು ಅಂತ ತೀರ್ಮಾನ ಆಗ್ತಿತ್ತು. ಆ ಗೇರಲ್ಲಿ ಎಂಜಿನ್ ದಿನಾ ಎಷ್ಟು ಓಡುತ್ತೆ ಅಂತ ಫೋರ್ಡ್ ಲೆಕ್ಕ ಹಾಕಿತ್ತು.

ಆಮೇಲೆ ಕಾಲ ಬದಲಾಯ್ತು. ವಿಮೆ ಕಂತು ಏರಿತು, ಹೊಗೆ ನಿಯಮ ಬಂತು, 1973ರಲ್ಲಿ ತೈಲ ಬಿಕ್ಕಟ್ಟು, 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿ ಮಿತಿ. ಆಕ್ಸಲ್ ಅಂಕಿಗಳು ಮೂರಕ್ಕಿಂತ ಕೆಳಗೆ ಇಳಿದವು. ಮಸಲ್ ಕಾರು ಮುಗೀತು ಅಂದುಕೊಂಡರು.

ತಮಾಷೆ ಏನಂದರೆ, ಪೆಟ್ರೋಲ್ ಉಳಿಸೋಕೆ ಅಂತ ಬಂದ ಗೇರ್‌ಬಾಕ್ಸೇ ಹಳೇ ಸಮಸ್ಯೆ ಬಿಡಿಸಿತು. ಓವರ್‌ಡ್ರೈವ್ ಅನ್ನೋದು ಹಳೇ ವಿದ್ಯೆಯೇ, ಆದರೆ 1982ರ ಹೊತ್ತಿಗೆ ಜಿಎಂ 700ಆರ್4 ಅನ್ನೋ ನಾಲ್ಕು ಗೇರಿನ ಆಟೋಮ್ಯಾಟಿಕ್ ತಂತು. ಫಸ್ಟ್ ಗೇರ್ 3.06, ನಾಲ್ಕನೆಯದು 0.70. ಅದರ ಹಿಂದೆ 4.10 ಆಕ್ಸಲ್ ಹಾಕಿ: 0.70 ಗುಣಿಸು 4.10, ಅಂದರೆ 2.87. ಅದೇ 100 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,300 ಸುತ್ತು. ಹಳೇ 3.08ಕ್ಕಿಂತಲೂ ಕಮ್ಮಿ! ಇವತ್ತು 60ರ ದಶಕದ ಕಾರು ರಿಪೇರಿ ಮಾಡಿಸೋರು ಹಳೇ ಗೇರ್‌ಬಾಕ್ಸ್ ಇಳಿಸಿ ಇಂಥದ್ದನ್ನೇ ಕೂರಿಸೋದು ಇದಕ್ಕೇ. ಪುಕ್ಕಟೆ ಅಲ್ಲ. 3.06 ಗುಣಿಸು 4.10 ಅಂದರೆ 12.5. ಅಷ್ಟು ಬಲಕ್ಕೆ ರಸ್ತೆ ಟೈರು ಜಾರುತ್ತೆ. ಜಾರದ ಟೈರು ಹಾಕಿದರೆ ಏಟು ಆಕ್ಸಲ್‌ಗೆ ಹೋಗುತ್ತೆ. ಜಾರೋ ಟೈರು ಒಂಥರಾ ಮನೆಯ ಫ್ಯೂಸ್ ಇದ್ದ ಹಾಗೆ. ಅದನ್ನ ಗಟ್ಟಿ ಮಾಡಿದರೆ ಮುಂದಿನದು ಸುಡುತ್ತೆ.

ಹಾಗಾಗಿ ಈ ಇತಿಹಾಸದಿಂದ ನಾನು ಕಲಿತ ಕ್ರಮ ಇಷ್ಟು. ವಾರದಲ್ಲಿ ಎಷ್ಟು ದಿನ ರಸ್ತೆ, ಎಷ್ಟು ದಿನ ಸ್ಟ್ರಿಪ್ ಅಂತ ಮೊದಲು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಆಮೇಲೆ ಟೈರು. ಆಮೇಲೆ ಆಕ್ಸಲ್ ರೇಷಿಯೋ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ, ಗುಣಿಸಿ ನೋಡಿ. ಕ್ಲಚ್ ಅಥವಾ ಕನ್ವರ್ಟರ್ ಅದಕ್ಕೆ ಹೊಂದೋದು. ಎಂಜಿನ್‌ಗೆ ಇನ್ನಷ್ಟು ಹಾರ್ಸ್‌ಪವರ್ ಸೇರಿಸೋ ಮಾತು ಕೊನೆಗೆ.

ನನ್ನ ಬೈಕಿಗೆ ಹಳೇ ಸ್ಪ್ರಾಕೆಟ್ಟೇ ವಾಪಸ್ ಹಾಕಿಸಿದೆ. ಸಿಗ್ನಲ್‌ನಲ್ಲಿ ಈಗ ಹಿಂದೆ ಬೀಳ್ತೀನಿ, ತುಮಕೂರಿಗೆ ಮಾತ್ರ ಆರಾಮಾಗಿ ಹೋಗ್ತೀನಿ. ರಾತ್ರಿ ಹೊತ್ತು ಬೆಂಗಳೂರಿನ ರಸ್ತೆಗಳಲ್ಲಿ ವ್ಹೀಲಿಂಗ್ ಮಾಡೋ ತಮ್ಮಂದಿರು ಯಾರಾದರೂ ಕೇಳ್ತಿದ್ದರೆ, ಪಾರ್ಕ್ಸ್ 1951ರಲ್ಲೇ ಹುಡುಗರನ್ನ ಬೀದಿಯಿಂದ ಯಾಕೆ ಎಬ್ಬಿಸಿದರು ಅಂತ ಸ್ವಲ್ಪ ಯೋಚನೆ ಮಾಡಿ.

ನಿಮ್ಮ ಗಾಡಿಯಲ್ಲೂ ಇಂಥ ಪ್ರಯೋಗ ಮಾಡಿ ಕೈ ಸುಟ್ಟುಕೊಂಡಿದ್ದರೆ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.